ಉಪವಾಸದ ಮೇಷ್ಟ್ರು

ನನ್ನ ಮಾವನವರು ಬೆಳಿಗ್ಗೆ ಹಣೆಗೆ ಇಟ್ಟ ಮೂರೆಳೆ ವಿಭೂತಿ ರಾತ್ರಿ ಮಲಗುವವರೆಗೂ ಒಂದು ಚೂರೂ ಅಳಿಸುತ್ತಿರಲಿಲ್ಲ. ನೋಡಿದವರು ಅದನ್ನು ಭಕ್ತಿಯ ಮಹಿಮೆ ಎನ್ನುತ್ತಿದ್ದರು. ಅಳಿಸಬೇಕಾದರೆ ಮನುಷ್ಯ ಬೆವರಬೇಕಲ್ಲ! ಕುಡಿದ ಲೋಟವನ್ನು ಕೂತ ಜಾಗದಿಂದ ಬಚ್ಚಲವರೆಗೆ ಒಯ್ದವರಲ್ಲ ಅವರು.

ನಿವೃತ್ತರಾಗುವವರೆಗೂ ರಾಜಾಜಿನಗರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದರು, ಮೂಡಲಪಾಳ್ಯದಲ್ಲಿ ಮನೆ ಕಟ್ಟಿಸಿದರು. ಅತ್ತಿಗುಪ್ಪೆ ಮೆಟ್ರೋ ಮೆಟ್ಟಿಲಲ್ಲಿ ನರೆತ ತಲೆಯ ಶಿಷ್ಯರು ಅವರ ಕಾಲಿಗೆ ಬೀಳುವುದನ್ನು ಕಣ್ಣಾರೆ ನೋಡಿದ್ದೇನೆ. ದೇವರಂಥ ಮೇಷ್ಟ್ರು, ಒಂದು ದಿನವೂ ಯಾರ ಮೇಲೂ ಕೈ ಎತ್ತಿದವರಲ್ಲ ಎನ್ನುತ್ತಿದ್ದರು. ನಿಜ, ಎತ್ತಿದವರಲ್ಲ. ಹುಡುಗರು ಹೋಂವರ್ಕ್ ಮಾಡದೆ ಬಂದರೆ ಮಧ್ಯಾಹ್ನ ಊಟದ ಡಬ್ಬಿಯನ್ನು ಮುಂದಿಟ್ಟುಕೊಂಡು, ತೆರೆಯದೆ, ಮಾತೂ ಆಡದೆ ಕೂತುಬಿಡುತ್ತಿದ್ದರಂತೆ. ಸಂಜೆಯೊಳಗೆ ಇಡೀ ಕ್ಲಾಸು ಅತ್ತು ಕ್ಷಮೆ ಕೇಳುತ್ತಿತ್ತಂತೆ. ಅಹಿಂಸೆಯಂತೆ, ಮಣ್ಣಂಗಟ್ಟಿ! ತುಂಬಿದ ಡಬ್ಬಿ ಮನೆಗೆ ವಾಪಸ್ಸು ಬಂದಾಗ, ಅನ್ನ ಚೆಲ್ಲಬಾರದೆಂದು ಆ ತಂಗಳನ್ನು ತಿನ್ನುತ್ತಿದ್ದವರು ನಮ್ಮತ್ತೆ.

ಮನೆಯಲ್ಲೂ ಅದೇ ಮಂತ್ರ. ನಾನು ಸೊಸೆಯಾಗಿ ಬಂದ ಹೊಸತರಲ್ಲಿ ನಾದಿನಿಗೆ ಹುಬ್ಬಳ್ಳಿಯಲ್ಲಿ ಬ್ಯಾಂಕಿನ ಕೆಲಸ ಸಿಕ್ಕಿತು. ಹೋಗಮ್ಮ, ನಾನ್ಯಾಕೆ ತಡೀಲಿ ಎಂದು ನಗುತ್ತಲೇ ಹೇಳಿ, ತಟ್ಟೆ ಪಕ್ಕಕ್ಕೆ ಸರಿಸಿ ದೇವರ ಮನೆಗೆ ಹೋದರು. ಆಮೇಲೆ ಅನ್ನವೂ ಇಲ್ಲ, ಮಾತೂ ಇಲ್ಲ. ಎರಡು ದಿನಕ್ಕೆ ಹುಡುಗಿ ಕೆಲಸ ಬೇಡವೆಂದಳು. ಹಾವು ಸತ್ತಿತು, ಕೋಲು ಮುರಿಯಲಿಲ್ಲ.

ಇಲ್ಲದ್ದನ್ನು ಹೇಳಬಾರದು. ಕುಡಿತವಿಲ್ಲ, ಇಸ್ಪೀಟಿಲ್ಲ, ಪರಸ್ತ್ರೀ ಕಡೆ ಕಣ್ಣೆತ್ತಿ ನೋಡಿದವರಲ್ಲ. ನನ್ನ ಮಗಳಿಗೆ ಜ್ವರ ಬಂದರೆ ಹಾಸಿಗೆಯ ಪಕ್ಕದಲ್ಲೇ ಕೂತು ಸಹಸ್ರನಾಮ ಹೇಳುತ್ತಿದ್ದರು. ಒದ್ದೆಬಟ್ಟೆ ಹಿಂಡಿ ಹಣೆಗೆ ಹಾಕುತ್ತಿದ್ದವಳು ನಾನು. ಜ್ವರ ಇಳಿದರೆ ಹೆಸರು ಯಾರಿಗೆ ಬರುತ್ತಿತ್ತೆಂದು ಬೇರೆ ಹೇಳಬೇಕೆ?

ಅತ್ತೆಯ ಎರಡೂ ಕಣ್ಣಿಗೆ ಪೊರೆ ಬಂದಾಗ ಈ ಆಟ ಆಟವಾಗಿ ಉಳಿಯಲಿಲ್ಲ. ಮಾವನವರು ಅತ್ತೆ ಮಡಿಯುಟ್ಟು ಮಾಡಿದ ಅಡುಗೆ ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ. ನಾನು ಮಡಿಯುಟ್ಟರೂ ನಡೆಯದು, ನಾನು ಬಸ್ಸಿನಲ್ಲಿ ಆಫೀಸಿಗೆ ಹೋಗಿ ಬರುವವಳು. ಆಪರೇಷನ್ ಆದಮೇಲೆ ಕೆಲವು ವಾರ ಒಲೆಯ ಹತ್ತಿರ ಸುಳಿಯಬಾರದೆಂದರು ಡಾಕ್ಟರು. ಮಾವನವರು ಬೇಡ ಅನ್ನಲಿಲ್ಲ. ಆಸ್ಪತ್ರೆಗೆ ಹೋಗುವ ಹಿಂದಿನ ದಿನ ತಟ್ಟೆ ಸರಿಸಿದರು. ಅತ್ತೆ ತಾವಾಗಿಯೇ ಮುಂದೆ ನೋಡೋಣ ಎಂದರು. ಮತ್ತೊಮ್ಮೆ ದಿನ ಗೊತ್ತು ಮಾಡಿದಾಗಲೂ ಅದೇ ಕಥೆ. ನಾಲ್ಕು ಜನ್ಮಕ್ಕಾಗುವಷ್ಟು ಪೂಜೆ ಮಾಡಿದ ಈ ಮನುಷ್ಯನಿಗೆ ಎದುರಿಗಿರುವ ಹೆಂಗಸು ಗೋಡೆ ತಡವರಿಸಿಕೊಂಡು ಬರುವುದು ಕಾಣಲಿಲ್ಲವಲ್ಲ, ಕುರುಡು ಯಾರಿಗೆ?

ಒಂದು ಬೆಳಿಗ್ಗೆ ಅತ್ತೆ ಕಾದ ಕಾವಲಿಯ ಮೇಲೆ ಅಂಗೈ ಊರಿಬಿಟ್ಟರು. ನಾನು ಸುಟ್ಟ ಕೈಗೆ ಮುಲಾಮು ಹಚ್ಚಿದೆ. ಗಾಯ ಆರಿದ ವಾರವೇ ಯಾರನ್ನೂ ಕೇಳದೆ ಆಟೋ ಹತ್ತಿಸಿ ಕರೆದುಕೊಂಡು ಹೋದೆ. ಕಪ್ಪು ಕನ್ನಡಕ ಹಾಕಿಸಿಕೊಂಡು ವಾಪಸ್ಸು ಬರುವಷ್ಟರಲ್ಲಿ ಇಲ್ಲಿ ಉಪವಾಸ ಶುರುವಾಗಿತ್ತು. ಸುದ್ದಿ ಕೆಂಗೇರಿಗೂ ಮುಟ್ಟಿ ಮಾವನವರ ತಂಗಿ ಓಡಿಬಂದರು. ಎದ್ದು ಒಂದು ಹಿಡಿ ಅನ್ನವನ್ನಾದರೂ ಬೇಯಿಸಿ ಅತ್ತಿಗೆ, ಅಣ್ಣನ ಪ್ರಾಣ ಹೋದೀತು ಎಂದು ಗೋಳಾಡಿದರು. ಮಲಗಿದ್ದ ಅತ್ತೆ ತಲೆ ಎತ್ತಲಿಲ್ಲ.

"ತಿನ್ಲಿ, ಬಿಡ್ಲಿ. ನಂಗೆ ಕಣ್ಣು ಬೇಕು ಕಣೇ."

ಮಾರನೆಯ ಮಧ್ಯಾಹ್ನ ಮಾವನವರು ತಾವಾಗಿಯೇ ಬಂದು ಮಣೆಯ ಮೇಲೆ ಕೂತರು. ನಾನು ಮಾಡಿದ ಅಡುಗೆಯನ್ನೇ ಬಡಿಸಿದೆ. ಉಂಡು, ಸಾರಿಗೆ ಉಪ್ಪು ಒಂಚೂರು ಕಮ್ಮಿ ಎಂದರು. ಆ ಮಾತಿಗೆ ಬಂದ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಆಮೇಲೂ ವರ್ಷಕ್ಕೆ ಒಂದೆರಡು ಸಲ ತಟ್ಟೆ ಸರಿಯುತ್ತಿತ್ತು, ಮೌನ ಹಿಡಿಯುತ್ತಿತ್ತು. ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಹೋದ ವರ್ಷ ಕಾರ್ತಿಕದಲ್ಲೂ ಹಾಗೇ ಆಯಿತು. ಈ ಸಲ ಯಾರ ಮೇಲೆ ಸಿಟ್ಟು ಎಂದು ನಾವು ಮುಖ ಮುಖ ನೋಡಿಕೊಂಡೆವು. ಮಗಳು ಕೂದಲು ಗಿಡ್ಡ ಕತ್ತರಿಸಿಕೊಂಡು ಬಂದಿದ್ದಳು, ಅದಕ್ಕೇ ಇರಬೇಕು ಎಂದುಕೊಂಡೆವು. ಅವಳು ಹೋಗಿ, ತಾತ, ಕೂದಲು ಮತ್ತೆ ಬೆಳೆಯುತ್ತೆ, ಊಟ ಮಾಡಿ ಎಂದು ಬೇಡಿಕೊಂಡಳು. ಅವರು ಬರೀ ತಲೆಯಾಡಿಸಿದರು. ಹಟಕ್ಕೂ ಒಂದು ಮಿತಿ ಬೇಡವೇ ಎಂದು ನಾನು ಅಡುಗೆಮನೆಯಿಂದಲೇ ಗೊಣಗಿದೆ.

ಕಂಡದ್ದು ಅತ್ತೆಗೆ. ಸಂಧ್ಯಾವಂದನೆಗೆ ಕೂತ ಮಾವನವರು ಆಚಮನಕ್ಕೆ ಬಾಯಿಗೆ ಹಾಕಿಕೊಂಡ ನೀರು ತುಟಿಯಂಚಿನಿಂದ ಜಾರಿ ಪಂಚೆಯ ಮೇಲೆ ಬೀಳುತ್ತಿತ್ತು. ಹಜಾರದ ಆ ತುದಿಯಿಂದ ಅತ್ತೆ ಅದನ್ನು ನೋಡಿದರು.

"ಇದು ಉಪವಾಸ ಅಲ್ಲ ಕಣೇ. ಅವರಿಗೆ ನುಂಗೋಕೆ ಆಗ್ತಿಲ್ಲ."

ಸ್ಟ್ರೋಕ್ ಆಗಿ ಆಗಲೇ ಕೆಲವು ದಿನವಾಗಿದೆ, ಮಾತೂ ಹೋಗಿದೆ, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಆಸ್ಪತ್ರೆಯಲ್ಲಿ ಗದರಿದರು. ಉಪವಾಸ ಅಂದುಕೊಂಡೆವು ಸಾರ್ ಎಂದರು ನನ್ನ ಗಂಡ. ಡಾಕ್ಟರು ನಮ್ಮನ್ನು ನೋಡಿದ ನೋಟಕ್ಕೆ ನಾನು ತಲೆ ತಗ್ಗಿಸಲಿಲ್ಲ. ನಮಗೆ ಹಾಗೆ ಅಂದುಕೊಳ್ಳುವುದನ್ನು ಕಲಿಸಿದವರೇ ಮಂಚದ ಮೇಲೆ ಮಲಗಿದ್ದರು. ಮೂಗಿಗೆ ನಳಿಕೆ ಹಾಕಿ ಗಂಜಿ ಬಿಟ್ಟರು. ಆ ಗಂಜಿ ಯಾವ ಜಾತಿಯವರು ಕಾಯಿಸಿದ್ದೋ ದೇವರಿಗೇ ಗೊತ್ತು. ಹತ್ತು ದಿನಕ್ಕೆ ಹೋದರು.

ವೈಕುಂಠ ಸಮಾರಾಧನೆಯ ದಿನ ಶಿಷ್ಯರು ಸಾಲು ಸಾಲಾಗಿ ಬಂದರು. ಅವರಲ್ಲೊಬ್ಬರು, ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು, ಅತ್ತೆಯ ಮುಂದೆ ಕೈ ಮುಗಿದು, ಉಪವಾಸ ವ್ರತದಲ್ಲೇ ದೇಹ ಬಿಟ್ಟರಂತೆ, ಎಂಥ ಪುಣ್ಯವಂತರಮ್ಮ ಎಂದು ಕಣ್ಣೊರೆಸಿಕೊಂಡರು. ಸುತ್ತಲಿದ್ದವರೆಲ್ಲ ಹೌದೆಂದು ತಲೆದೂಗಿದರು. ನನ್ನ ನಾಲಿಗೆ ತುದಿಗೆ ಏನೇನೋ ಬಂತು. ಅಷ್ಟರಲ್ಲಿ ಅತ್ತೆಯೇ ಅವರ ಮುಖವನ್ನು ನೆಟ್ಟಗೆ ನೋಡಿ ಹೇಳಿದರು.

"ವ್ರತ ಏನೂ ಅಲ್ಲಪ್ಪಾ. ಅವರಿಗೆ ಹಸಿವಾಗಿತ್ತು."