ಕೊನೇ ರೀಲಿನ ತುದಿ

ಮೊಮ್ಮಗಳು ಹುಟ್ಟಿದಳು! ಇವತ್ತು ಬೆಳಗ್ಗೆ, ತುಮಕೂರಿನ ಆಸ್ಪತ್ರೆಯಲ್ಲಿ, ನನ್ನ ಚಿಕ್ಕ ಮಗಳಿಗೆ ಹೆಣ್ಣು ಮಗು. ತಲೆತುಂಬ ಕೂದಲು. ಅತ್ತರೆ ವಾರ್ಡಿನ ಆ ತುದಿಯವರೂ ಎದ್ದು ಕೂರಬೇಕು, ಅಂಥ ಗಂಟಲು. ಬಸ್ಸಿನಲ್ಲಿ ಪಕ್ಕ ಕೂತವಳಿಗೆ, ಕಂಡಕ್ಟರನಿಗೆ, ಗುಬ್ಬಿಯಲ್ಲಿ ಇಳಿದ ಮೇಲೆ ಹೂ ಮಾರುವವಳಿಗೆ, ಸಿಕ್ಕಿದವರಿಗೆಲ್ಲ ಹೇಳಿಕೊಂಡೇ ಮನೆಗೆ ಬಂದೆ. ಬಾಗಿಲಲ್ಲಿ ಯಜಮಾನರನ್ನು ಕಂಡಾಗ ಮಾತ್ರ ಎದೆ ಅಳುಕಿತು.

"ಹೆಣ್ಣು ಮಗು ಕಣ್ರೀ. ತಾಯಿ ಮಗು ಇಬ್ರೂ ಚೆನ್ನಾಗವ್ರೆ."

ಅವರ ಮುಖ ಅರಳಿತು. ಅಂಗಿಗೆ ಕೈ ಹಾಕಿದವರು ಹಾಗೇ ನಿಂತು ಕೇಳಿದರು, "ಯಾವ ಬೆಡ್ಡು?"

ಕೇಳುತ್ತಾರೆಂದು ಗೊತ್ತಿತ್ತು. ಇಂಥ ದಿನ ಸುಳ್ಳಾಡಲು ಬಾಯಿ ಬರಲಿಲ್ಲ. "ಎಂಟು" ಅಂದೆ.

ಅಂಗಿ ಮತ್ತೆ ಗೂಟಕ್ಕೆ ಹೋಯಿತು.

"ಬೇರೆ ಬೆಡ್‌ಗೆ ಹಾಕ್ಸು. ಆಮೇಲ್ ಬರ್ತೀನಿ."

"ಎಲ್ಲೈತೆ ಬೇರೆ ಬೆಡ್ಡು? ನೆಲದ್ ಮೇಲೂ ಮಲಗವ್ರೆ."

"ಹಂಗಾದ್ರೆ ನಾನ್ ಬರಲ್ಲ ಬುಡು. ನನ್ ಕಾಲ್ಗುಣಕ್ಕೆ ಇನ್ನೊಂದ್ ಕೂಸು ಹೋಗೋದ್ ಬ್ಯಾಡ."

ಈ ಮಾತಿನ ಹಿಂದೆ ಒಂದು ಸಿನಿಮಾ ಇದೆ.

ಎಪ್ಪತ್ತರ ದಶಕದ ಮೊದಲಲ್ಲಿ ಇವರು ಗುಬ್ಬಿಯ ಸಿನಿಮಾ ಟೆಂಟಿನಲ್ಲಿ ಆಪರೇಟರ್ ಆಗಿದ್ದರು. ಚಿತ್ರಗಳು ತುಮಕೂರಿನಲ್ಲಿ ಓಡಿ, ಕುಣಿಗಲ್ ಸುತ್ತಿ, ಸವೆದು ಸೊರಗಿ ನಮ್ಮ ಟೆಂಟಿಗೆ ಬರುತ್ತಿದ್ದವು. ಡಬ್ಬ ಬಿಚ್ಚಿ, ರೀಲಿನ ಅಂಚಿನ ತೂತು ಹರಿದ ಕಡೆ ಕತ್ತರಿಸಿ ಅಂಟಿಸುವುದು ಇವರ ಮೊದಲ ಕೆಲಸ. ಕತ್ತರಿಸಿದ ಚೂರು ನಮ್ಮ ದೊಡ್ಡ ಮಗಳ ಪಾಲು. ಅದನ್ನು ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿಕೊಂಡು, "ಅಮ್ಮಾ, ನನ್ ಟಾಕೀಸಿಗೆ ಬಾ, ಟಿಕೇಟ್ ತಗೋ" ಎಂದು ಕರೆಯುತ್ತಿದ್ದಳು. ಚಿಕ್ಕವಳು ಆಗ ಇನ್ನೂ ನನ್ನ ಸೊಂಟದ ಮೇಲಿದ್ದ ಕೂಸು.

ಒಮ್ಮೆ ಹಳೆಯ ಕಾಲದ ದೊಡ್ಡ ಡೈರೆಕ್ಟರೊಬ್ಬರ ಕಪ್ಪು ಬಿಳುಪು ಚಿತ್ರ ಬಂತು. ತನ್ನವರನ್ನೆಲ್ಲ ಒಬ್ಬೊಬ್ಬರಾಗಿ ಕಳೆದುಕೊಳ್ಳುವ ಹೆಂಗಸಿನ ಕಥೆ. ನಾನು ಸ್ಕೂಲಿಗೆ ಹೋದದ್ದು ಕಡಿಮೆ. ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಪರದೆಯ ಮೇಲಿನ ಹೆಸರು ಮಾಯವಾಗಿರುತ್ತಿತ್ತು. ರೀಲಿನ ಡಬ್ಬಗಳ ಮೇಲೆ ಇವರು ಬರೆಯುವುದನ್ನು ನೋಡಿ ನೋಡಿ ಅಂಕಿ ಮಾತ್ರ ಚೆನ್ನಾಗಿ ಗುರುತಾಗುತ್ತಿತ್ತು. ಹಾಗಾಗಿ ಅದೊಂದೇ ನನ್ನ ಕಣ್ಣಿಗೆ ಬಿತ್ತು. ಆ ಹೆಂಗಸಿನ ಅಪ್ಪ ಸಾಯುವ ಮುಂಚೆ ಹತ್ತಿದ ಜಟಕಾ ಗಾಡಿಯ ಹಿಂದೆ ಎಂಟು. ತಮ್ಮ ಕೆರೆಗೆ ಬೀಳುವ ಮುಂಚೆ ದಾಟಿದ ಬಾಗಿಲ ಮೇಲೆ ಎಂಟು. ಗಂಡನನ್ನು ಮಲಗಿಸಿದ ಆಸ್ಪತ್ರೆ ಮಂಚದ ನಂಬರ್ ತಗಡಿನಲ್ಲೂ ಎಂಟು.

ಮನೆಗೆ ಬಂದು ಇವರಿಗೆ ಹೇಳಿದೆ. "ಕಥೆ ನೋಡು ಅಂತ ಕಳಿಸಿದ್ರೆ ಗೋಡೆ ಬಾಗ್ಲು ನೋಡ್ಕೊಂಡ್ ಬಂದವ್ಳೆ" ಎಂದು ನಕ್ಕರು. ಮರುದಿನ ರೀಲನ್ನು ಬಲ್ಬಿಗೆ ಹಿಡಿದು ನೋಡಿ ಬಂದಾಗ ಆ ನಗು ಇರಲಿಲ್ಲ.

"ಸುಮ್ನೆ ಇಟ್ಟಿಲ್ಲ ಕಣೇ ಆ ಪುಣ್ಯಾತ್ಮ. ಎಲ್ಲಿ ಎಂಟೋ ಅಲ್ಲಿ ಸಾವು."

ಅಷ್ಟು ದೊಡ್ಡ ಮನುಷ್ಯ ಬಚ್ಚಿಟ್ಟದ್ದು ನಮಗೆ ಸಿಕ್ಕಿತಲ್ಲ ಎಂದು ಇಬ್ಬರಿಗೂ ಎಷ್ಟು ಹೆಮ್ಮೆ! ದೊಡ್ಡ ಮಗಳಿಗೆ ಅದೇ ಆಟವಾಯಿತು. ಬಸ್ಸಿನ ಮೇಲೆ, ಅಂಗಡಿ ಬಾಗಿಲ ಮೇಲೆ, ಎಲ್ಲಿ ಎಂಟು ಕಂಡರೂ ಅಪ್ಪನ ತೊಡೆ ಚಿವುಟುತ್ತಿದ್ದಳು.

ಆ ಚಳಿಗಾಲ ಅವಳಿಗೆ ಜ್ವರ ಬಂತು. ಇಳಿಯಲೇ ಇಲ್ಲ. ತುಮಕೂರಿಗೆ ಒಯ್ದೆವು. ಸಿಕ್ಕಿದ ಮಂಚದ ತಗಡಿನ ಮೇಲೆ ಅದೇ ಅಂಕಿ. ಇವರು ನರ್ಸಮ್ಮನ ಬೆನ್ನು ಹತ್ತಿದರು. "ಅಮ್ಮಾ, ಬೇರೆ ಕಡೆ ಹಾಕಿ, ನಿಮ್ ಕಾಲಿಗ್ ಬೀಳ್ತೀನಿ."

"ಇದೇನ್ ಛತ್ರಾನಾ, ಬೇಕಾದ್ ಕಡೆ ಮಲಗೋಕೆ?" ಎಂದು ಆಕೆ ಗದರಿದಳು. ಆಕೆಯ ತಪ್ಪೇನೂ ಇರಲಿಲ್ಲ, ಅಷ್ಟರಲ್ಲಾಗಲೇ ಮಗಳ ಜ್ವರ ಮಿದುಳಿಗೆ ಏರಿಬಿಟ್ಟಿತ್ತು. ಸಂಜೆ ಮಗಳು ಮಂಪರಿನಲ್ಲೇ ಕಣ್ಣು ತೆರೆದು ತಗಡನ್ನು ನೋಡಿದಳು. ಕೈ ಚಾಚಿ ಅಪ್ಪನ ತೊಡೆ ಚಿವುಟಿದಳು. ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟಳು.

ಇವರು ಮತ್ತೆ ಮೆಷಿನ್ ಮುಟ್ಟಲಿಲ್ಲ. ತೆಂಗಿನಕಾಯಿ ಮಂಡಿಗೆ ಸೇರಿದರು. ಕಾಯಿ ಎಣಿಸುವಾಗ "ಏಳು, ಇನ್ನೊಂದು, ಒಂಬತ್ತು" ಅನ್ನುತ್ತಿದ್ದರು. "ಏನಣ್ಣೋ, ನಿನ್ ಲೆಕ್ಕದಲ್ಲಿ ಒಂದ್ ಅಂಕಿ ಪರಾರಿ ಆಗೈತಲ್ಲ" ಎಂದು ಹಮಾಲರು ಕಿಚಾಯಿಸಿದರೆ ತಾವೂ ನಗುತ್ತಿದ್ದರು. ಚಿಕ್ಕವಳು ಬೆಳೆದು ಕುಣಿಗಲ್ಲಿಗೆ ಮದುವೆಯಾಗಿ ಹೋದಳು. ಇವರ ಬಾಯಿಗೆ ಮಾತ್ರ ಆ ಅಂಕಿ ಮರಳಲಿಲ್ಲ.

ಇವತ್ತು ಅವರೊಡನೆ ಜಗ್ಗಾಡಲು ನನಗೆ ಪುರುಸೊತ್ತಿರಲಿಲ್ಲ. ಹುಟ್ಟಿದ ಕೂಸಿಗೆ ನಮ್ಮಲ್ಲಿ ಹೊಸ ಬಟ್ಟೆ ಹಾಕುವುದಿಲ್ಲ. ಮನೆಯವರು ಉಟ್ಟು, ಒಗೆದು ಒಗೆದು ಮೆತ್ತಗಾದ ಹಳೆಯದರಲ್ಲೇ ಸುತ್ತಬೇಕು. ಅಂಥದ್ದು ಇದ್ದದ್ದು ದೊಡ್ಡವಳ ಟ್ರಂಕಿನಲ್ಲಿ. ಇಷ್ಟು ವರ್ಷ ಅದರ ಮುಚ್ಚಳ ಎತ್ತಿರಲಿಲ್ಲ. ಎತ್ತಿದೆ. ಲಂಗದ ಮಡಿಕೆಯ ಕೆಳಗೆ ಒಂದು ಪೌಡರ್ ಡಬ್ಬ, ಅದರೊಳಗೆ ಅವಳ ರೀಲಿನ ಚೂರುಗಳು. ಉದ್ದನೆಯದೊಂದನ್ನು ತೆಗೆದು, ಅವಳ ಹಾಗೇ ಒಂದು ಕಣ್ಣು ಮುಚ್ಚಿ ಕಿಟಕಿಯ ಬಿಸಿಲಿಗೆ ಹಿಡಿದೆ.

ಆ ಚಿತ್ರದ ಹೆಂಗಸೇ. ನಾವು ನೋಡಿದ ಚಿತ್ರ, ಅವಳು ಕತ್ತಲಲ್ಲಿ ಹೊಸ್ತಿಲ ಮೇಲೆ ಒಬ್ಬಳೇ ಕೂತಲ್ಲಿಗೆ ಮುಗಿದಿತ್ತು. ಇಲ್ಲಿ ಬೆಳಕಾಗಿದೆ. ಅವಳು ತೊಟ್ಟಿಲೊಳಗೆ ಬಗ್ಗಿ ನಗುತ್ತಿದ್ದಾಳೆ. ಒಂದು ಪುಟ್ಟ ಕಾಲು ಮೇಲೆದ್ದಿದೆ. ತೊಟ್ಟಿಲ ಹಲಗೆಯ ಮೇಲೆ, ಸೀಮೆಸುಣ್ಣದಲ್ಲಿ ಬರೆದ ಹಾಗೆ, ಎಂಟು.

"ಏನ್ರೀ, ಇಲ್ ಬನ್ನಿ."

ಅವರು ಚೂರನ್ನು ಅಂಚಿನಲ್ಲಿ ಮಾತ್ರ ಹಿಡಿದರು, ಬೆರಳ ಗುರುತು ಬೀಳದ ಹಾಗೆ. ಕೈ ಕೆಲಸ ಮರೆತಿರಲಿಲ್ಲ. ಬಹಳ ಹೊತ್ತು ನೋಡಿದರು.

"ಕೊನೇ ರೀಲಿನ ತುದಿ ಇದು. ತೂತೆಲ್ಲ ಹರಿದೋಗಿತ್ತು. ಡಬ್ಬ ಬಿಚ್ಚಿದ್ ದಿನಾನೇ ಕತ್ತರ್ಸಿ ಮಗೀಗ್ ಕೊಟ್ಟೆ."

"ಏನೈತೆ ಅಂತ ನೋಡ್ಲಿಲ್ವಾ?"

"ಕೊನೇದ್ ಯಾರ್ ನೋಡೋರು? ಆಟ ಇನ್ನೂ ಇರೋವಾಗ್ಲೇ ಜನ ಎದ್ದು ಚಪ್ಲಿ ಹುಡುಕೋರು. ತುದಿ ಹೋದ್ರೆ ಒಬ್ರೂ ಕೇಳ್ತಿರ್ಲಿಲ್ಲ."

ಆಮೇಲೆ ಟ್ರಂಕಿನ ಪಕ್ಕ ಗೋಡೆಗೆ ಒರಗಿ ಕೂತು ಅತ್ತರು. ಮಗಳನ್ನು ಮಣ್ಣು ಮಾಡಿದ ದಿನ ಅಳದೆ ಇದ್ದ ಮನುಷ್ಯ.

"ಅವ್ಳು ಇದನ್ನ ನೋಡಿರ್ತಾಳೆ ಕಣೇ. ಆವತ್ತು ಚಿವುಟಿದ್ಲಲ್ಲ, ಹೆದರ್ಕೊಂಡು ಚಿವುಟಿದ್ದಲ್ವೇನೋ."

ಇರಬಹುದು, ಇಲ್ಲದಿರಬಹುದು. ಕೇಳೋಣವೆಂದರೆ ಅವಳಿಲ್ಲ. ನಾನು ಲಂಗವನ್ನು ಹರಿದು ಮಡಿಸಿಕೊಂಡೆ. ಅವರು ಎದ್ದು ಮುಖ ತೊಳೆದು ಅಂಗಿ ತೊಟ್ಟರು.

ವಾರ್ಡಿನ ಬಾಗಿಲಲ್ಲಿ ಆಯಾ ಅಡ್ಡ ನಿಂತಳು. "ಯಾವ ಬೆಡ್ಡು ತಾತ?"

ನಾನು ಬಾಯಿ ತೆರೆಯುವಷ್ಟರಲ್ಲಿ ಇವರೇ, "ಎಂಟು ಕಣವ್ವ" ಅಂದರು.

ಮೊಮ್ಮಗಳು ದೊಡ್ಡಮ್ಮನ ಲಂಗದ ಚೂರಿನಲ್ಲಿ ಸುತ್ತಿಸಿಕೊಂಡು ತಾತನ ತೊಡೆ ಮೇಲೆ ಮಲಗಿದಳು. ಮಗಳ ಅತ್ತೆ, ನಮ್ಮ ಬೀಗಿತ್ತಿ, ಸುಮ್ಮನಿರುವವರಲ್ಲ. "ಏನ್ ಬೀಗ್ರೆ, ಕೂಸು ಹುಟ್ಟಿದ್ದು ಮಾರ್ನಿಂಗ್ ಷೋಗೆ, ನೀವ್ ಬಂದಿದ್ದು ಫಸ್ಟ್ ಷೋಗೆ. ಪಿಚ್ಚರ್ ಅರ್ಧ ಮುಗೀತು!"

"ನಾನ್ ಕೊನೇ ಗಂಟ ಕೂರೋನು ಕಣ್ ಬೀಗಿತ್ತಿ" ಅಂದರು ಇವರು.

ಬೀಗಿತ್ತಿ ಕುಣಿಗಲ್ಲಿನಿಂದ ಕ್ಯಾರಿಯರಿನಲ್ಲಿ ಮುದ್ದೆ, ಅವರೆಕಾಳು ಸಾರು ತಂದಿದ್ದರು. ಮಗಳಿಗೆ ಮೆಣಸಿನ ಸಾರು, ಅನ್ನ ಬೇರೆ. ಅಳಿಯ ಮಂಚದ ಪಕ್ಕ ನೆಲದ ಮೇಲೆ ಎಲೆ ಹಾಸಿದ. ಇವರು ತಗಡಿನ ಕೆಳಗೇ ಮಂಚದ ಕಾಲಿಗೆ ಒರಗಿ ಕೂತರು. ಮೊದಲ ತುತ್ತನ್ನು ಸಾರಿನಲ್ಲಿ ಅದ್ದಿ, ದೊಡ್ಡವಳಿಗೆಂದು ಎಲೆಯ ಅಂಚಿಗೆ ಎತ್ತಿಟ್ಟು, ಆಮೇಲೆ ಉಂಡರು. ನಾನೂ ಬಡಿಸಿಕೊಂಡು ಅವರ ಪಕ್ಕ ಕೂತೆ.