ವಜಾ ಹೋಗಿ ಉಳಿದ ನನ್ನ ತೂಕ

ನನ್ನ ತೂಕ ಎಷ್ಟು ಎಂದು ಯಾರಾದರೂ ಕೇಳಿದರೆ ನಾನು ಎಪ್ಪತ್ತೆಂಟು ಎನ್ನುತ್ತಿದ್ದೆ. ಪೂರ್ತಿ ಸುಳ್ಳು ಎನ್ನಲಾರೆ. ಒಂದು ಕಾಲದಲ್ಲಿ ಅದು ನಿಜವೇ ಆಗಿತ್ತು; ಆಮೇಲೆ ಅದನ್ನು ಪರೀಕ್ಷಿಸುವ ಧೈರ್ಯ ಬರಲಿಲ್ಲ, ಅಷ್ಟೆ.

ಹೀಗೆ ಹೇಳುತ್ತಿರುವವನು ತೂಕದ ಗಂಧವಿಲ್ಲದ ಮನುಷ್ಯನಾಗಿದ್ದರೆ ನಾಚಿಕೆಪಡಬೇಕಾಗಿರಲಿಲ್ಲ. ಕಲ್ಲೂರಿನಲ್ಲಿ ನನ್ನದು ಕರಿಮೆಣಸು, ಶುಂಠಿ ಕೊಳ್ಳುವ ಅಂಗಡಿ. ಹದಿನೇಳನೇ ವಯಸ್ಸಿಗೆ ಇನ್ನೊಬ್ಬರ ಅಂಗಡಿಯಲ್ಲಿ ಚೀಲ ಹೊತ್ತು ಶುರು ಮಾಡಿದವನು. ಇವತ್ತು ಜೀಪಿನಿಂದ ಇಳಿಯುವ ಚೀಲವನ್ನು ಗಲ್ಲಾಪೆಟ್ಟಿಗೆ ಮುಂದೆ ಕೂತೇ ನೋಡಿ ಐವತ್ತೆಂಟೋ ಅರವತ್ತೋ ಹೇಳಿಬಿಡುತ್ತೇನೆ. ಆದರೆ ನಮ್ಮ ವ್ಯಾಪಾರದಲ್ಲಿ ತಕ್ಕಡಿ ಹೇಳಿದ್ದು ಕೊನೆಯ ಮಾತಲ್ಲ, ಮಾತು ಶುರುವಾಗುವುದೇ ಅಲ್ಲಿಂದ. ಗೋಣಿಗೆ ಇಷ್ಟು, ಮಣ್ಣಿಗೆ ಇಷ್ಟು, ತೇವಕ್ಕೆ ಇಷ್ಟು ಎಂದು ವಜಾ ಮಾಡುತ್ತಾ ಹೋಗಬೇಕು. ರೈತ ಒಂದು ಕಿಲೋ ಕಳೆಯಿರಿ ಅನ್ನುತ್ತಾನೆ, ನಾನು ಎರಡು ಅನ್ನುತ್ತೇನೆ, ಒಂದೂವರೆಗೆ ಇಬ್ಬರೂ ಚಹಾ ಕುಡಿಯುತ್ತೇವೆ. ಮೂವತ್ತು ವರ್ಷ ಹೀಗೆ ಬದುಕಿದವನ ಕೈಗೆ ಯಾವ ತೂಕ ಸಿಕ್ಕರೂ ಅದು ಇದ್ದ ಹಾಗೇ ಉಳಿಯುವುದಿಲ್ಲ.

ಈಗ ಬೈಕಿಗೆ ಬರೋಣ. ಎರಡು ವಾರಕ್ಕೊಂದು ಭಾನುವಾರ ನನ್ನ ಹೆಂಡತಿ ರತ್ನಳನ್ನು ಹಿಂದೆ ಕೂರಿಸಿಕೊಂಡು ಚೇಕಾಡಿಯಲ್ಲಿರುವ ಅವಳ ಅಕ್ಕನ ಮನೆಗೆ ಹೋಗುವುದು ವಾಡಿಕೆ. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ನಮ್ಮಿಬ್ಬರದೇ ಎನ್ನಬಹುದಾದ ತಿರುಗಾಟ ಅದೊಂದೇ. ದಾರಿಯುದ್ದಕ್ಕೂ ಅವಳು ಹಿಂದಿನಿಂದ ಏನಾದರೂ ಹೇಳುತ್ತಿರುತ್ತಾಳೆ, ಗಾಳಿಗೆ ಅರ್ಧ ಕೇಳಿಸದೆ ನಾನು ಎಲ್ಲದಕ್ಕೂ ಹೂಂ ಅನ್ನುತ್ತಿರುತ್ತೇನೆ. ಆದರೆ ಬೈಕಿನ ಹಿಂದಿನ ಶಾಕ್ ಅಬ್ಸಾರ್ಬರುಗಳು ಸೋತುಹೋಗಿದ್ದವು. ನಾನೊಬ್ಬನೇ ಇದ್ದರೆ ಹೇಗೋ ಸಹಿಸುತ್ತಿದ್ದವು. ರತ್ನ ಕೂತಳೆಂದರೆ ರಸ್ತೆಯ ಪ್ರತಿ ಉಬ್ಬಿಗೂ ಅಡಿಯಿಂದ ಟಕ್ಕೆಂದು ಬಡಿತ. ಬೆನ್ನುಮೂಳೆಗೇ ಸುತ್ತಿಗೆ ಬಿದ್ದ ಹಾಗೆ.

ಹತ್ತಿರದ ಪೇಟೆ ಬತ್ತೇರಿಯಲ್ಲಿ ಜೋಯ್ ಎಂಬ ಮೆಕ್ಯಾನಿಕ್ ಇದ್ದಾನೆ. ಇಬ್ಬರೂ ಅವನ ವರ್ಕ್‌ಶಾಪಿಗೆ ಹೋದೆವು. ಅವನು ಶಾಕ್ ನೋಡಿ, "ತೂಕಕ್ಕೆ ತಕ್ಕ ಸ್ಪ್ರಿಂಗ್ ತರಿಸಬೇಕು. ಚೇಟ್ಟ ಎಷ್ಟು, ಚೇಚಿ ಎಷ್ಟು?" ಎಂದ. ನಮ್ಮ ಕಡೆಯ ಮಲಯಾಳದಲ್ಲಿ ಚೇಟ್ಟ ಅಂದರೆ ಅಣ್ಣ, ಚೇಚಿ ಅಂದರೆ ಅಕ್ಕ; ಕೇಳಿದ್ದು ನನ್ನದೂ ರತ್ನಳದೂ.

ಇಲ್ಲಿ ನಿಮಗೊಂದು ಮಾತು, ಕೇಳದಿದ್ದರೂ ಹೇಳುತ್ತೇನೆ. ಶಾಕ್ ಕೊಳ್ಳುವಾಗ ಬಣ್ಣಕ್ಕೆ ಮರುಳಾಗಬೇಡಿ. ಸ್ಪ್ರಿಂಗಿನ ಬುಡದಲ್ಲಿ ಕಚ್ಚುಗಳಿರುವ ಒಂದು ಬಳೆ ಇರುತ್ತದೆ, ಅದನ್ನು ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಆಗುವುದಿಲ್ಲ. ಸೀಟು ಸ್ವಲ್ಪ ಮೇಲೇಳುತ್ತದೆ, ಅಷ್ಟೆ. ಗಟ್ಟಿ ಬೇಕಾದರೆ ಸ್ಪ್ರಿಂಗನ್ನೇ ಬದಲಿಸಬೇಕು. ನೀವು ಕೂತಾಗ ಅದು ತನ್ನ ಒಟ್ಟು ಓಟದ, ಅಂದರೆ ಪೂರ್ತಿ ಕುಗ್ಗಬಲ್ಲ ದೂರದ, ಮೂರನೇ ಒಂದು ಪಾಲಿನಷ್ಟು ಇಳಿದರೆ ಸರಿ. ಇಳಿಯದಿದ್ದರೆ ಬಂಡೆಯ ಮೇಲೆ ಕೂತಂತೆ. ತೀರಾ ಇಳಿದುಬಿಟ್ಟರೆ ಗುಂಡಿ ಬಂದಾಗ ಇಳಿಯಲು ಜಾಗವೇ ಇರುವುದಿಲ್ಲ. ಮುಖ್ಯವಾದದ್ದು, ಹೆಲ್ಮೆಟ್ಟು, ಜರ್ಕಿನ್ನು, ಬ್ಯಾಗು ಎಲ್ಲ ಸೇರಿಸಿಯೇ ತೂಕ ಹೇಳಬೇಕು. ಸ್ಪ್ರಿಂಗಿಗೆ ಗೋಣಿಯೂ ಒಂದೇ, ಸರಕೂ ಒಂದೇ.

ನಾನು ಹೇಳಿದ್ದು ಮಾತ್ರ ಬೇರೆ. ಜೋಯ್ ಕೇಳಬಹುದೆಂದು ಆ ಬೆಳಿಗ್ಗೆಯೇ, ಯಾರೂ ಇಲ್ಲದಾಗ, ಬೈಕ್ ಹತ್ತುವ ವೇಷದಲ್ಲೇ, ಹೆಲ್ಮೆಟ್ಟು ಸಮೇತ, ಅಂಗಡಿಯ ತಕ್ಕಡಿ ಹತ್ತಿದ್ದೆ. ತೊಂಬತ್ತೊಂದು. ಆಗ ಕಸುಬು ಕೈಹಿಡಿಯಿತು. ಹೆಲ್ಮೆಟ್ಟಿಗೆ ಒಂದೂವರೆ, ಜರ್ಕಿನ್ನಿಗೆ ಒಂದು, ಶೂಗೆ ಒಂದು, ಫೋನು ಬೀಗದಕೈಗೆ ಅರ್ಧ, ಆಗತಾನೇ ತಿಂದ ಪುಟ್ಟು ಕಡಲೆಗೆ ಒಂದು, ಮಳೆಗಾಲವಾದ್ದರಿಂದ ತೇವಕ್ಕೆ ಎರಡು. ಎಂಬತ್ತನಾಲ್ಕು ಉಳಿಯಿತು. ಇನ್ನೂ ಆರು ಕಿಲೋವನ್ನು ಹಳೇ ಪರಿಚಯದವನೆಂದು ನನಗೆ ನಾನೇ ಬಿಟ್ಟುಕೊಟ್ಟೆ.

"ಎಪ್ಪತ್ತೆಂಟು," ಎಂದೆ ಜೋಯ್‌ಗೆ.

ರತ್ನ, "ನಂದು ಐವತ್ತೆಂಟು. ಹೋದ ವಾರ ಆಸ್ಪತ್ರೇಲಿ ನೋಡಿದ್ದು," ಎಂದಳು. ಅವಳಿಗೆ ಯಾವ ವ್ಯಾಪಾರವೂ ಗೊತ್ತಿಲ್ಲ.

ಸ್ಪ್ರಿಂಗ್ ಬಂತು, ಕೂತಿತು. ರತ್ನಳನ್ನು ಕೂರಿಸಿಕೊಂಡು ಹೊರಟ ಮೊದಲ ಉಬ್ಬಿಗೇ ಟಕ್. ತಿರುಗಿ ಜೋಯ್ ಹತ್ತಿರ ಬಂದೆವು. ನಾಲ್ಕೈದು ಮಂದಿ ತಮ್ಮ ಗಾಡಿಗೆ ಕಾಯುತ್ತಾ ನಿಂತಿದ್ದರು. ಜೋಯ್ ತಲೆ ಕೆರೆದುಕೊಂಡು, "ನೀವು ಹೇಳಿದ ತೂಕಕ್ಕೆ ಇದು ಬಡಿಯಲೇಬಾರದಲ್ಲ ಚೇಟ್ಟಾ!" ಎಂದ.

ಸತ್ಯ ಹೇಳಲು ಅದು ಒಳ್ಳೆಯ ಸಮಯ. ನಾನು ಹೆಬ್ಬೆರಳಿನಿಂದ ಹಿಂದೆ ತೋರಿಸಿ, "ಆಸ್ಪತ್ರೆ ತಕ್ಕಡಿ ನಂಬಬೇಡ ಮಾರಾಯ. ಹಿಂದಿನ ಸರಕು ಸ್ವಲ್ಪ ಜಾಸ್ತಿ," ಎಂದೆ. ಎಲ್ಲರೂ ನಕ್ಕರು. ರತ್ನಳೂ ನಕ್ಕಳು. ಅವಳು ನಕ್ಕಳಲ್ಲ ಎಂದು ನಾನು ವ್ಯವಹಾರ ಚುಕ್ತಾ ಆಯಿತು ಅಂದುಕೊಂಡೆ.

ಮರುದಿನದಿಂದ ಅವಳ ತಟ್ಟೆಯಲ್ಲಿ ದೋಸೆ ಕಾಣಲಿಲ್ಲ. ಬೆಳಿಗ್ಗೆ ಒಂದು ಲೋಟ ಕಟ್ಟನ್, ಅಂದರೆ ಹಾಲಿಲ್ಲದ ಚಹಾ, ಜೊತೆಗೊಂದು ಬಾಳೆಹಣ್ಣು. ಚೇಕಾಡಿಯ ಭಾನುವಾರ ಬಂದಾಗ, "ನೀವು ಅಂಗಡಿ ನೋಡ್ಕೊಳ್ಳಿ, ನಾನು ಬಸ್ಸಲ್ಲಿ ಹೋಗ್ತೀನಿ," ಎಂದಳು. ಮೂರು ಬಸ್ಸು ಬದಲಿಸಬೇಕು. "ಯಾಕೆ?" ಎಂದೆ. "ಗಾಡಿ ಹಾಳಾಗುತ್ತೆ," ಎಂದು ಕೊಡೆ ಹುಡುಕತೊಡಗಿದಳು.

ತೂಕ ಎಂದರೆ ಮನುಷ್ಯ ಇಷ್ಟೊಂದು ಹೆದರಬೇಕೇ ಎಂದು ಆ ದಿನ ಅಂಗಡಿಯಲ್ಲಿ ಕೂತು ಯೋಚಿಸಿದೆ. ದೇವಸ್ಥಾನದಲ್ಲಿ ತುಲಾಭಾರಕ್ಕೆ ಕೂತವನು ತಾನು ಭಾರವಾದಷ್ಟೂ ದೇವರಿಗೆ ಬಾಳೆಗೊನೆ ಹೆಚ್ಚು ಸಂದಿತೆಂದು ಸಂತೋಷಪಡುತ್ತಾನೆ. ಅಲ್ಲಿ ಯಾರೂ ವಜಾ ಕೇಳಿದ್ದನ್ನು ನಾನು ಕಾಣೆ. ಅದೇ ಮನುಷ್ಯ ಮೆಕ್ಯಾನಿಕ್ ಮುಂದೆ ಹೊಟ್ಟೆ ಒಳಗೆಳೆದುಕೊಳ್ಳುತ್ತಾನೆ. ಆದರೆ ಶಾಕ್ ಅಬ್ಸಾರ್ಬರೂ ಒಂದು ಸ್ಪ್ರಿಂಗ್ ತಕ್ಕಡಿಯೇ. ನಾವು ಮೀನು ತೂಗುವಾಗ ನೇತುಹಾಕುವ ತಕ್ಕಡಿಯಲ್ಲಿ ಸ್ಪ್ರಿಂಗ್ ಹಿಗ್ಗುತ್ತದೆ, ಇಲ್ಲಿ ಕುಗ್ಗುತ್ತದೆ. ಮುಖದ ಮೇಲೆ ಅಂಕಿ ಇಲ್ಲದ್ದರಿಂದ ಚೌಕಾಸಿಗೆ ಸಿಗುವುದಿಲ್ಲ.

ಮರುದಿನ ಒಬ್ಬನೇ ಜೋಯ್ ಹತ್ತಿರ ಹೋದೆ. ಅವನು ಹಿಂದಿನ ಚಕ್ರವನ್ನು ನೆಲದಿಂದ ಎತ್ತಿ ಟೇಪು ಹಿಡಿದ, ಇಳಿಸಿ ನನ್ನನ್ನು ಕೂರಿಸಿ ಮತ್ತೆ ಹಿಡಿದ. ಹೆಲ್ಮೆಟ್ಟು ಜರ್ಕಿನ್ನು ಎಲ್ಲ ಹಾಕಿಸಿದ್ದ. ಅಳತೆ ನೋಡಿದ, ನನ್ನ ಮುಖ ನೋಡಿದ. ಸ್ಪ್ರಿಂಗಿನ ಓಟ ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು.

"ಚೇಟ್ಟಾ," ಎಂದ ಮೆಲ್ಲಗೆ, "ಚೇಚಿ ಇನ್ನೂ ಹತ್ತೇ ಇಲ್ಲ."

ತೊಂಬತ್ತೊಂದು ಎಂದೆ. ಅವನು ನಗಲಿಲ್ಲ, ನಕ್ಕಿದ್ದರೆ ಒಳ್ಳೆಯದಿತ್ತು. ಗಟ್ಟಿ ಸ್ಪ್ರಿಂಗ್ ತರಿಸಿ ಹಾಕಿದ. ಹೊರಡುವಾಗ, "ಚೇಚಿಗೆ ಹೇಳ್ತೀರಲ್ಲ?" ಎಂದ. ಹೇಳ್ತೀನಿ ಎಂದೆ. ಹೇಳಲಿಲ್ಲ. ಬಡಿತ ನಿಂತರೆ ಮಾತೂ ನಿಲ್ಲುತ್ತದೆ ಎಂಬುದು ನನ್ನ ಎಣಿಕೆ.

ಮುಂದಿನ ಚೇಕಾಡಿ ಭಾನುವಾರ ಬಲವಂತ ಮಾಡಿ ಅವಳನ್ನು ಹತ್ತಿಸಿಕೊಂಡೆ. ಮೊದಲ ಉಬ್ಬು ದಾಟಿತು, ಸದ್ದಿಲ್ಲ. ಎರಡನೆಯದು. ಮೂರನೆಯದು. ಹಿಂದಿನಿಂದ ಅವಳು ನನ್ನ ಬೆನ್ನು ತಟ್ಟಿದಳು.

"ಕೇಳಿಸ್ತಾ? ಬಡಿಯಲೇ ಇಲ್ಲ ಕಣ್ರೀ! ಕಟ್ಟನ್ ಕುಡಿದದ್ದು ವ್ಯರ್ಥ ಆಗಲಿಲ್ಲ. ಇನ್ನೆರಡು ಕಿಲೋ ಇಳಿಸಿಬಿಟ್ರೆ ಹೂವಿನ ಹಾಗೆ ಹೋಗುತ್ತೆ."

ನೋಡಿ, ನಾನು ಏನೇನೋ ಮಾರಿದ್ದೇನೆ, ಏನೇನೋ ಕೊಂಡಿದ್ದೇನೆ. ಹೀಗೆ ಮೋಸಹೋದವರು ಖುಷಿಯಿಂದ ನನ್ನ ಬೆನ್ನು ತಟ್ಟಿದ್ದು ಅದೇ ಮೊದಲು. ಆದರೂ ಇನ್ನೆರಡು ಉಬ್ಬು ಸುಮ್ಮನೆ ದಾಟಿದೆ ಎಂಬುದನ್ನೂ ಬರೆದುಬಿಡುತ್ತೇನೆ. ದಾರಿಯಲ್ಲಿ ಸಿಗುವ ಪುಲ್ಪಳ್ಳಿಯಲ್ಲಿ ಒಂದು ಚಹಾದಂಗಡಿ ಮುಂದೆ ಗಾಡಿ ನಿಲ್ಲಿಸಿ ಎಲ್ಲ ಹೇಳಿದೆ. ಹೆಲ್ಮೆಟ್ ತೆಗೆಯದೆಯೇ ಹೇಳಿದೆ, ಮುಖ ಅಷ್ಟಾದರೂ ಮರೆಯಾಗಿರಲಿ ಎಂದು.

"ಎಷ್ಟು ನೀವು?"

"ತೊಂಬತ್ತೊಂದು."

"ನಾನು?"

"ನೀನು ಹೇಳಿದಷ್ಟೇ. ಐವತ್ತೆಂಟು."

"ಈಗ ಐವತ್ತೈದು," ಎಂದಳು. "ಆ ಮೂರು ಕಿಲೋನ ಯಾರ ಲೆಕ್ಕಕ್ಕೆ ಬರ್ಕೊಳ್ತೀರಿ? ನಾಲ್ಕು ಜನರ ಮುಂದೆ ಸರಕು ಅಂದ್ರಲ್ಲ, ಅದನ್ನ?"

ಅವಳು ಚಹಾದಂಗಡಿಯೊಳಗೆ ನಡೆದು ಬೆಂಚಿನ ಮೇಲೆ ಕೂತು, ಮಲಯಾಳದಲ್ಲಿ ತನಗೆ ಮೂರು ಪರೋಟ, ಮೊಟ್ಟೆ ಕರಿ ಹೇಳಿದಳು. ನನ್ನ ಕಡೆ ಕೈ ತೋರಿಸಿ, "ಇವರಿಗೊಂದು ಕಟ್ಟನ್," ಎಂದಳು. ಅವಳು ಅವಸರವಿಲ್ಲದೆ ತಿಂದಳು. ನಾನು ಅವಸರವಿಲ್ಲದೆ ನೋಡಿದೆ.

ಮತ್ತೆ ಹೊರಟಾಗ ಅವಳ ಕೈ ನನ್ನ ಭುಜಕ್ಕೆ ಬರಲಿಲ್ಲ, ಸೀಟಿನ ಹಿಂದಿನ ಕಂಬಿ ಹಿಡಿದಿತ್ತು. ಕಾಡು ಮುಗಿದು ಗದ್ದೆ ಶುರುವಾಗುವ ಹೊತ್ತಿಗೆ ಹಿಂದಿನಿಂದ ದನಿ ಬಂತು.

"ನಿಧಾನ ಹೋಗಿ. ಹೊಟ್ಟೆ ತುಂಬಿದೆ."

ಗಾಳಿಯಲ್ಲೂ ಪೂರ್ತಿ ಕೇಳಿಸಿತು. ಯಾರು ಏನು ಹೇಳಿದರೂ ಅದಕ್ಕಿಂತ ಸ್ವಲ್ಪ ಕಡಿಮೆಗೆ ಒಪ್ಪುವುದು ನನ್ನ ಜಾಯಮಾನ. ಆ ದಿನ ಮಾತ್ರ ಅವಳು ಹೇಳಿದ್ದಕ್ಕಿಂತ ಒಂದಿಷ್ಟು ಹೆಚ್ಚೇ ನಿಧಾನವಾಗಿ ಹೋದೆ.