ಮೆತ್ತನೆ ರಬ್ಬರು, ನಿಲ್ಲದ ಕಾಲು

ಮೊನ್ನೆ ಮನೆಯವರ ಸ್ಕೂಟರು ಪಂಕ್ಚರ್ ಆಯಿತು. ಅಂಗಡಿಯವನು ಟ್ಯೂಬಿಗೆ ಸೊಲ್ಯೂಷನ್ ಹಚ್ಚಿ ಊದುತ್ತ ಕುಳಿತಿದ್ದ. ಸೆರಗಿನಿಂದ ಮೂಗು ಮುಚ್ಚಿಕೊಳ್ಳಬೇಕಾದವಳು ನಾನು ಇನ್ನೂ ಒಂದು ಹೆಜ್ಜೆ ಹತ್ತಿರ ಹೋಗಿ ನಿಂತೆ. ನಮ್ಮ ಗಲ್ಲಿಯ ತಾಲೀಮಿನ, ಎಂದರೆ ಗರಡಿಮನೆಯ, ಮೇಲಿನ ಹಾಲ್‌ನಲ್ಲಿ ಅಕ್ಕೋರು ಟೇಬಲ್ ಟೆನಿಸ್ ಬ್ಯಾಟಿಗೆ ರಬ್ಬರು ಅಂಟಿಸುವಾಗ ಇದೇ ವಾಸನೆ ಬರುತ್ತಿತ್ತು... ಅಂದಿನಿಂದ ಮನಸ್ಸು ಒಂದು ಕಡೆ ಕೂರುತ್ತಿಲ್ಲ. ದೇವರ ಮುಂದೆ ಕುಳಿತರೂ ಅಷ್ಟೇ, ರೊಟ್ಟಿ ಬಡಿಯಲು ಕುಳಿತರೂ ಅಷ್ಟೇ. ಬರೆದರೆ ಕೂತೀತೇನೋ ಎಂದು ಬರೆಯುತ್ತಿದ್ದೇನೆ.

ನಾನು ಬೆಳಗಾವಿ ಕಡೆಯ ಹಳ್ಳಿಯಿಂದ ಮದುವೆಯಾಗಿ ಮಹಾರಾಷ್ಟ್ರದ ಇಚಲಕರಂಜಿಗೆ ಬಂದವಳು. ಮನೆಯವರು ಪವರ್‌ಲೂಮ್ ನಡೆಸುತ್ತಾರೆ. ನಮ್ಮ ಗಲ್ಲಿಯಲ್ಲಿ ಗೋಡೆಯ ಆಚೆಗೂ ಮಗ್ಗ, ಈಚೆಗೂ ಮಗ್ಗ, ಗಾಳಿಯಲ್ಲೆಲ್ಲ ಹತ್ತಿಯ ಧೂಳು. ನಮಗೆ ಅದು ರೂಢಿ. ನನ್ನ ಮಗಳ ಎದೆಗೆ ಮಾತ್ರ ಒಗ್ಗಲಿಲ್ಲ. ಚಿಕ್ಕಂದಿನಿಂದ ಉಬ್ಬಸ. ಮಲಗಿದರೆ ಎದೆ ಸೀಟಿ ಹೊಡೆಯುತ್ತಿತ್ತು. "ಪೋರೀನ ಈ ಧೂಳಿನ್ಯಾಗಿಂದ ಹೊರಗ ತಗೀರಿ" ಎಂದರು ಡಾಕ್ಟರು. ಹೊರಗೆ ಎಂದರೆ ಎಲ್ಲಿಗೆ? ನಮಗೆ ಅನ್ನ ಕೊಡುವುದೇ ಆ ಧೂಳು.

ದಾರಿ ತೋರಿಸಿದವರು ಟೀಚರು, ನಮ್ಮ ಬಾಯಲ್ಲಿ ಅಕ್ಕೋರು. ನಾಂದಣಿ ಕಡೆಯ ಜೈನರು, ಮದುವೆ ಮಾಡಿಕೊಂಡಿರಲಿಲ್ಲ. ಗಡಹಿಂಗ್ಲಜದ ಶಾಲೆಯಲ್ಲಿ ಬಹಳ ವರ್ಷ ಕಲಿಸಿ ನಿವೃತ್ತರಾಗಿ, ನಮ್ಮ ಗಲ್ಲಿಯಲ್ಲಿ ಬಾಡಿಗೆಗೆ ಬಂದಿದ್ದರು. ನಿವೃತ್ತಿಯ ಮೇಲೆ ಒಂದು ಊರಲ್ಲಿ ಹೆಚ್ಚು ದಿನ ನಿಂತವರೇ ಅಲ್ಲ. ಅವರ ಟ್ರಂಕು ಪೂರ್ತಿ ಖಾಲಿಯಾಗಿದ್ದನ್ನು ನಾನು ನೋಡಿಲ್ಲ. ನಿಂತರೂ ಪಾದ ಕುಣಿಯುತ್ತಿತ್ತು, ಚಹಾ ಕುಡಿಯುವಾಗಲೂ ಕುಣಿಯುತ್ತಿತ್ತು. ತಾಲೀಮಿನಲ್ಲಿ ಕೆಳಗೆ ಗಂಡಸರು ಕುಸ್ತಿಯ ಮಣ್ಣಿನಲ್ಲಿ ಹೊರಳಾಡುತ್ತಿದ್ದರೆ, ಮೇಲೆ ಅಕ್ಕೋರು ಗಲ್ಲಿಯ ಹೆಣ್ಣುಮಕ್ಕಳಿಗೆ ಟೇಬಲ್ ಟೆನಿಸ್ ಕಲಿಸುತ್ತಿದ್ದರು. ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ನೇಮ ಅವರದು. ಆಟ ಎಷ್ಟೇ ರಂಗೇರಿರಲಿ, ಕಿಟಕಿಯ ಬಿಸಿಲು ಕೆಂಪಾದರೆ ಬ್ಯಾಟು ಇಟ್ಟು ಮನೆಗೆ ಓಡುವರು.

ಕೊಲ್ಲಾಪುರದ ಒಂದು ಶಾಲೆಯಲ್ಲಿ ಆಟದ ಹುಡುಗಿಯರಿಗೆ ಹಾಸ್ಟೆಲ್ ಇದೆ, ದಸರೆಯ ಮರುದಿನ ಆಟ ಆಡಿಸಿ ಆರಿಸುತ್ತಾರೆ ಎಂದು ಹೇಳಿದವರು ಅವರೇ. "ಓಡೂ ಆಟಕ್ಕ ಈಕಿ ಉಸಿರು ಸಾಲಂಗಿಲ್ಲ, ತಂಗಿ. ಇದಕ್ಕ ಸಾಲತೈತಿ. ಅಲ್ಲಿ ಆರಿಸಿದರಂದ್ರ ನಿನ್ನ ಪೋರಿ ಧೂಳಿನ್ಯಾಗಿಂದ ಪಾರು."

ಆದರೆ ಮಗಳ ತೋಳಿನಲ್ಲಿ ಕಸುವಿಲ್ಲ. ಚೆಂಡು ಬಲೆ ದಾಟಿದರೆ ಪುಣ್ಯ. ಅಕ್ಕೋರು ಯೋಚಿಸಿ, ಎಲ್ಲಿಂದಲೋ ಮೆತ್ತನೆಯ ರಬ್ಬರು ತರಿಸಿ ಒಂದು ಬ್ಯಾಟಿನ ಎರಡೂ ಬದಿಗೆ ಅಂಟಿಸಿದರು. ಒಂದು ಬದಿ ಕೆಂಪು, ಒಂದು ಬದಿ ಕಪ್ಪು. ಒಳಗಿನ ಸ್ಪಂಜು ಒತ್ತಿದರೆ ಬೆರಳಿಗೆ ಬನ್ನಿನ ಹಾಗೆ ಹತ್ತುತ್ತಿತ್ತು.

ಮೊದಲು, ನೂಲಿಗೆ ಗಂಜಿ ಹಾಕುವ ಸೈಜಿಂಗ್ ಕಾರ್ಖಾನೆಯ ಸಾಹುಕಾರರ ಸೊಸೆಯ ಕೈಗೆ ಕೊಟ್ಟರು. ಆಕೆ ಚೆಂಡನ್ನು ಹೊಡೆಯುವುದೆಂದರೆ ಒಗೆಯುವ ಕಲ್ಲಿಗೆ ಬಟ್ಟೆ ಬಡಿದ ಹಾಗೆ. ಅಷ್ಟು ಜೋರಿಗೆ ಸ್ಪಂಜು ಪೂರ್ತಿ ಕುಸಿದು, ಚೆಂಡು ಒಮ್ಮೆ ಬಲೆಗೆ ಬಿತ್ತು, ಒಮ್ಮೆ ಗೋಡೆಯ ಹನುಮಪ್ಪನ ಪಟಕ್ಕೆ ಬಿತ್ತು.

"ಅಕ್ಕೋರಽ, ಈ ರಬ್ಬರಿಗೆ ನಿದ್ದಿ ಬಂದೈತ್ರಿ!" ಎಂದಳು.

"ರಬ್ಬರಿಗಲ್ಲ, ನಿನ್ನ ಕೈಗೆ ಪುರುಸೊತ್ತಿಲ್ಲ. ಚೆಂಡು ಒಳಗ ಬಂದು ಕುಂದರಬೇಕು, ಆಮ್ಯಾಲ ಎದ್ದು ಹೋಗಬೇಕು. ನೀ ಕುಂದರಾಕ ಬಿಡವಲ್ಲಿ."

ಆಮೇಲೆ ನನ್ನನ್ನೂ ಎಳೆದು ನಿಲ್ಲಿಸಿದರು. ಚೆಂಡು ನನ್ನ ಬ್ಯಾಟಿಗೆ ಬಂದು ಒಂದು ಗಳಿಗೆ ನಿಂತು, ತನಗೆ ತಿಳಿದ ಕಡೆ ಹೋಯಿತು. ತಿರುಗಿಸಿ ಕಳಿಸಿದ ಸರ್ವಿಸ್ ಬಂದರಂತೂ ಟಣ್ಣನೆ ಮೇಲಕ್ಕೆ. ರಬ್ಬರು ಎದುರಿನವರ ತಿರುಪನ್ನೂ ಕಚ್ಚಿ ಹಿಡಿಯುತ್ತದಂತೆ. ಅಕ್ಕೋರು ತಾವೂ ಆಡಿ ನೋಡಿದರು. ಅವರ ಆಟ ಮುಂದೆ ನುಗ್ಗಿ ಬಾರಿಸುವ ಆಟ. ಎರಡು ಹೊಡೆತ ಬಲೆಗೆ ಬಿದ್ದವು, ಬ್ಯಾಟು ಕೆಳಗಿಟ್ಟರು. "ನನಗೂ ಒಗ್ಗಂಗಿಲ್ಲವ್ವಾ. ನನಗ ತಡಕೊಳ್ಳಾಕ ಎಲ್ಲಿ ಬರತೈತಿ?"

ಕೊನೆಗೆ ಮಗಳು. ಕಸುವಿಲ್ಲದ ಆ ತೋಳು ಚೆಂಡನ್ನು ಕೆಳಗಿನಿಂದ ಮೇಲಕ್ಕೆ ನೇವರಿಸಿತು, ಬಡಿಯಲಿಲ್ಲ. ಚೆಂಡು ಬಿಲ್ಲಿನ ಹಾಗೆ ಬಾಗಿ ಬಲೆ ದಾಟಿ, ಮೇಜಿಗೆ ಬಿದ್ದದ್ದೇ ಹಾವಿನಂತೆ ಮುಂದಕ್ಕೆ ನುಗ್ಗಿತು. ಮತ್ತೊಮ್ಮೆ... ಮತ್ತೊಮ್ಮೆ. ಅಕ್ಕೋರ ಪಾದ ಆಗ ಒಂದು ಕ್ಷಣ ನಿಂತಿದ್ದನ್ನು ನಾನು ಕಂಡೆ. ಉಳಿದವರಿಗೆ ಯಾರಿಗೂ ಆಗದ ರಬ್ಬರು ನನ್ನ ರೋಗಿಷ್ಟ ಮಗುವಿಗೆ ಆಗಿಬಂತಲ್ಲ, ದೇವರು ದೊಡ್ಡವನು ಎಂದುಕೊಂಡೆ.

ಖಂಡೇನವಮಿ ಬಂತು. ಆಯುಧ ಪೂಜೆಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಮಗ್ಗ ನಿಲ್ಲಿಸಿ, ಲಾಳಿ, ನಟ್ಟು ತಿರುವುವ ಪಾನಾ, ಕತ್ತರಿ ಎಲ್ಲವನ್ನೂ ತೊಳೆದು ದೇವರ ಮುಂದೆ ಇಡುತ್ತೇವೆ. ದಸರೆಯ ದಿನ ಪೂಜೆ ಎತ್ತುವ ತನಕ ಮುಟ್ಟುವಂತಿಲ್ಲ. ಮಗಳು ತನ್ನ ಬ್ಯಾಟನ್ನೂ ಇಟ್ಟಿದ್ದಳು. ಮರುದಿನ ಸಂಜೆ ಎತ್ತಿಕೊಂಡವಳು ಅಳತೊಡಗಿದಳು. ಕೆಂಪು ರಬ್ಬರಿನ ಮೇಲೆ ಕೊಬ್ಬರಿ ಎಣ್ಣೆ, ಅದರ ಮೇಲೆ ಅರಿಶಿನ ಕುಂಕುಮ.

ನಮ್ಮತ್ತೆಗೆ ಏನೂ ತಿಳಿಯಲಿಲ್ಲ. "ಲಾಳೀಗೂ ಎಣ್ಣಿ ಹಚ್ಚೇನಿ, ಪಾನಾಕೂ ಹಚ್ಚೇನಿ. ಕೂಸಿನ ಆಯುಧಕ್ಕಷ್ಟ ಯಾಕ ಬಿಡ್ಲಿ? ನಾಳೆ ಗೆದ್ದ ಬರಲೆಂತ ನಾಕ ಹನಿ ಹೆಚ್ಚಽ ಹಾಕೇನಿ."

ಅಕ್ಕೋರು ಓಡಿಬಂದರು. ಸಾಬೂನು ನೀರಿನಿಂದ ಒರೆಸಿದರು, ಹತ್ತಿ ಬಟ್ಟೆಯಿಂದ ತಿಕ್ಕಿದರು. ಎಣ್ಣೆ ರಬ್ಬರಿನೊಳಗೆ ಇಳಿದಿತ್ತು. ಚೆಂಡನ್ನು ಒತ್ತಿ ಉರುಳಿಸಿದರೆ ಕಚ್ಚದೆ ಜಾರುತ್ತಿತ್ತು. ಹಬ್ಬದ ದಿನ ಅಂಗಡಿ ಮುಚ್ಚಿದ್ದವು. ಬ್ಯಾಟು ತಿರುವಿ ನೋಡಿದರು. ಕಪ್ಪು ಬದಿಗೆ ಒಂದು ಹನಿಯೂ ತಾಗಿರಲಿಲ್ಲ.

"ಕರೀದಕ್ಕ ಯಾರರ ಕುಂಕುಮ ಹಚ್ಚತಾರೇನ್ರಿ?" ಎಂದರು ಅತ್ತೆ.

ಅಕ್ಕೋರು ನಕ್ಕುಬಿಟ್ಟರು. "ನೀವು ಕರೀದಕ್ಕ ಅಂಜಿದ್ದು ಪುಣ್ಯಾತ್ರಿ, ಆಯಿ. ಅರ್ಧಾ ಬ್ಯಾಟರ ಉಳೀತು. ಏ ಪೋರಿ, ಕಣ್ಣ ಒರಸ್ಕೋ. ನಾಳೆ ತಿರುವಿ ಹಿಡಿ."

ಕೊಲ್ಲಾಪುರದಲ್ಲಿ ನಾನು ಎಲ್ಲಮ್ಮನ ಹೆಸರು ಹಿಡಿದು ಕುಳಿತೆ. ಗೆದ್ದರೆ ಆ ಊರಿನ ದೇವಿ ಅಂಬಾಬಾಯಿಗೆ ಉಡಿ ತುಂಬುತ್ತೇನೆ ಎಂದು ತಂದ ಸೀರೆ, ರವಿಕೆಯ ಖಣ, ತೆಂಗಿನಕಾಯಿ ಚೀಲದಲ್ಲೇ ಇದ್ದವು. ಅಕ್ಕೋರು ಕೂರಲಿಲ್ಲ, ಹಾಲ್‌ನ ಈ ತುದಿಯಿಂದ ಆ ತುದಿಗೆ ಓಡಾಡಿದರು. ಮೊದಲ ಗೇಮು ಮಗಳದೇ ಆಯಿತು. ಕಪ್ಪು ಬದಿಯ ಚೆಂಡು ಬಾಗಿ ಬಾಗಿ ಹೋಗುತ್ತಿತ್ತು. ಎದುರಿನ ಹುಡುಗಿ ಜಾಣೆ. ಕೆಂಪು ಬದಿಯಲ್ಲಿ ಜೀವವಿಲ್ಲ ಎಂದು ಕಂಡುಕೊಂಡಳು. ಆಮೇಲೆ ಬಂದ ಚೆಂಡೆಲ್ಲ ಮಗಳ ಎಡಕ್ಕೆ, ಆ ಬದಿಯಲ್ಲೇ ಹೊಡೆಯಬೇಕಾದ ಕಡೆಗೆ. ಚೆಂಡು ಎಣ್ಣೆಯ ಮೇಲೆ ಜಾರಿ ಬಲೆಗೆ ಬೀಳುತ್ತಿತ್ತು. ಮಗಳು ಸೋತಳು. ಆರಿಸಿದವರಲ್ಲಿ ಅವಳ ಹೆಸರು ಬರಲಿಲ್ಲ.

"ನಡೀರಿ ಮನೀಗೆ" ಎಂದೆ. ದೇವಿಯ ಮುಖ ನೋಡುವ ಮನಸ್ಸೂ ಇರಲಿಲ್ಲ.

"ಸೋತೀವಂತ ಆಕೀಗೆ ಉಡಿ ತುಂಬೂದು ಬಿಡತಿ ಏನು?" ಎಂದು ಅಕ್ಕೋರೇ ನನ್ನನ್ನು ಗುಡಿಗೆ ಎಳೆದೊಯ್ದರು. ದಸರೆಯ ಗದ್ದಲ, ಸಾಲು ಸರಿಯಲೇ ಇಲ್ಲ. ಉಡಿ ತುಂಬಿ ಹೊರಗೆ ಬರುವಾಗ ಹೊತ್ತು ಮುಳುಗಿತ್ತು. ಅಕ್ಕೋರ ಬುತ್ತಿ ಹಾಗೇ ಉಳಿಯಿತು. ಗುಟುಕು ನೀರನ್ನೂ ಕುಡಿಯದೆ ಸರ್ಕಾರಿ ಎಸ್ಟಿ ಬಸ್ಸು ಹತ್ತಿದರು.

ನಮ್ಮ ಊರಿಗೆ ಮೊದಲು ಸಿಗುವ ಕೊರೋಚಿ ಬಂತು. ಹಬ್ಬ ಮುಗಿದು ಮಗ್ಗಗಳು ಮತ್ತೆ ಶುರುವಾಗಿದ್ದವು. ಕಿಟಕಿಯಿಂದ ಸದ್ದಿನ ಜೊತೆಗೆ ಆ ಗಾಳಿಯೂ ಬಂತು. ಮಗಳು ಕೆಮ್ಮತೊಡಗಿದಳು. ಅಕ್ಕೋರು ಅವಳ ಬೆನ್ನ ಮೇಲೆ ಕೈ ಇಟ್ಟು, ನನ್ನ ಕಡೆ ನೋಡದೆಯೇ ಹೇಳಿದರು: "ತಂಗಿ, ಈಕೀನ್ನ ನಾ ಗಡಹಿಂಗ್ಲಜಕ್ಕ ಕರಕೊಂಡ ಹೋಗತೇನಿ. ಹಿರಣ್ಯಕೇಶಿ ಹೊಳೀ ದಂಡೀ ಗಾಳಿ, ನನ್ನ ಹಳೇ ಸಾಲಿ. ಇಲ್ಲ ಅನಬ್ಯಾಡ."

"ನೀವು ಒಂದ ಊರಾಗ ನಿಲ್ಲವರಲ್ಲರಿ, ಅಕ್ಕೋರಽ" ಎಂದುಬಿಟ್ಟೆ.

"ನಿಲ್ಲತೇನಿ" ಎಂದರು.

ನಿಂತರು. ಮಗಳು ಶಾಲೆ ಮುಗಿಸಿ ಕಾಲೇಜು ಸೇರುವ ತನಕ ಅಲ್ಲಿಂದ ಕದಲಲಿಲ್ಲ. ನಾನು ಹೋದಾಗಲೆಲ್ಲ ಅವರು ಬಾಗಿಲಿಂದ ಅಂಗಳಕ್ಕೆ, ಅಂಗಳದಿಂದ ಬಾಗಿಲಿಗೆ ತಿರುಗುತ್ತಿದ್ದರು. ಊರು ಬಿಡಬೇಕೆಂಬ ತುಡಿತವನ್ನು ಆ ಅಂಗಳದಲ್ಲೇ ತೀರಿಸಿಕೊಳ್ಳುತ್ತಿದ್ದರೇನೋ... ನಾನು ಕೇಳಲಿಲ್ಲ. ಮಗಳ ಕೆನ್ನೆ ತುಂಬಿಕೊಳ್ಳುತ್ತಿತ್ತು, ನನ್ನ ಕಣ್ಣು ಅಲ್ಲೇ ಇರುತ್ತಿತ್ತು. ಹೋದ ವರ್ಷ ಅಕ್ಕೋರು ಸಣ್ಣ ಜ್ವರದಲ್ಲಿ ಈ ಲೋಕವನ್ನೇ ಬಿಟ್ಟು ಹೊರಟುಹೋದರು. ಮಗಳು ಅಲ್ಲೇ ಉಳಿದು ಕಾಲೇಜಿಗೆ ಹೋಗುತ್ತಿದ್ದಾಳೆ.

ಈ ಬರಹದ ನಡುವೆಯೇ ಎದ್ದು ಅವಳಿಗೆ ಫೋನ್ ಮಾಡಿದೆ. ಎತ್ತಿದವಳು ಏದುಸಿರು ಬಿಡುತ್ತಿದ್ದಳು.

"ಯಾಕವ್ವಾ, ಮತ್ತ ಉಬ್ಬಸ ಬಂತೇನು?"

"ಇಲ್ಲ ಯವ್ವಾ! ಬಸ್ಸು ತಪ್ಪತಿತ್ತು, ಸ್ಟ್ಯಾಂಡಿನ ತನಕಾ ಓಡಿ ಬಂದೇನಿ. ಹತ್ತಾಕತ್ತೇನಿ, ಇಡತೇನಿ."

ಓಡಿದಳಂತೆ. ಬಸ್ ಸ್ಟ್ಯಾಂಡಿನ ತನಕ ಓಡಿದಳಂತೆ, ಏನೂ ಆಗಲಿಲ್ಲವಂತೆ. ದೇವರ ಮನೆಗೆ ಹೋಗಿ ಕೈ ಮುಗಿದು ಬಂದೆ. ಕೈ ತಾನಾಗಿ ಮತ್ತೆ ಫೋನಿಗೆ ಹೋಯಿತು, ಅಕ್ಕೋರ ನಂಬರು ಒತ್ತಲು. ಒತ್ತಿ ಏನು ಮಾಡಲಿ? ಈ ಸುದ್ದಿಗೆ ಅಲ್ಲಿ ಕುಣಿಯುವ ಕಾಲಿಲ್ಲ.